ಬಿಲ್ಲು ಗುತ್ತಿಗೆದಾರನದ್ದು, ಫೈಲು ಇಲಾಖೆಯದ್ದು, ಬೈಗುಳ ಸರ್ಕಾರಿ ವಕೀಲರಿಗೆ

ಕಾಸರಗೋಡು: ಮಂಜೇಶ್ವರದಿಂದ ಹೊಸದುರ್ಗದ ತನಕ ಸರ್ಕಾರಿ ಕಾಮಗಾರಿ ವಹಿಸಿಕೊಳ್ಳುವ ಸಣ್ಣ ಗುತ್ತಿಗೆದಾರರಲ್ಲಿ ಒಂದು ಮಾತು ಹಳತಾಗಿದೆ. 'ಕೆಲಸ ಮಾಡ್ಲಿಕ್ಕೆ ಕಷ್ಟ ಇಲ್ಲ ಮಾರಾಯ್ರೆ, ಬಿಲ್ಲು ಪಾಸ್ ಮಾಡಿಸ್ಲಿಕ್ಕೆ ಕಷ್ಟ.' ಮೋರಿ, ತಡೆಗೋಡೆ, ಕಿಂಡಿ ಅಣೆಕಟ್ಟು, ಶಾಲೆಯ ಎರಡು ಕೋಣೆ. ಕೆಲಸ ಮುಗಿದು ಮೂರು ಮಳೆಗಾಲ ಕಳೆದರೂ ಹಣ ಬಾರದಿದ್ದಾಗ ವಿಷಯ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಗುತ್ತಿಗೆದಾರನ ಕಣ್ಣಿಗೆ ಬೀಳುವ ಸರ್ಕಾರ ಎಂದರೆ ಒಬ್ಬರೇ, ಕರಿಕೋಟಿನ ಸರ್ಕಾರಿ ಪ್ಲೀಡರ್. 'ಜಿ.ಪಿ. ಪುನಃ ಟೈಮ್ ಕೇಳಿದ್ರು' ಎಂದು ಸಿಟ್ಟಿನಿಂದ ಬಸ್ಸು ಹತ್ತಿ ಮನೆಗೆ ಮರಳುವವರಿಗೆ ಗೊತ್ತಾಗದ ಸಂಗತಿಯೆಂದರೆ, ಆ ಟೈಮ್ ಬೇಕಾಗಿರುವುದು ಹೆಚ್ಚಿನ ಸಲ ವಕೀಲರಿಗಲ್ಲ, ಇನ್ನೂ ಕಚೇರಿಯಿಂದ ಹೊರಡದ ಫೈಲಿಗೆ. ಕಾನೂನು ಈಗ ದಿನ ಲೆಕ್ಕ ಹಾಕಲು ಕಲಿತಿದೆ. ಕಚೇರಿಗಳು ಕಲಿತಿಲ್ಲ. ಇವೆರಡರ ನಡುವೆ ಸಿಕ್ಕಿಬಿದ್ದಿರುವುದು ಸರ್ಕಾರಿ ವಕೀಲರ ಕೆಲಸ.

ಕೇರಳದಲ್ಲಿ ಈ ಹುದ್ದೆಯ ವ್ಯವಸ್ಥೆ 1978ರ ಸರ್ಕಾರಿ ಕಾನೂನು ಅಧಿಕಾರಿಗಳ ನಿಯಮಗಳ ಪ್ರಕಾರ ನಡೆಯುತ್ತದೆ. ಎರ್ನಾಕುಳಂನ ಹೈಕೋರ್ಟಿನಲ್ಲಿ ಅಡ್ವೊಕೇಟ್ ಜನರಲ್, ಸ್ಟೇಟ್ ಅಟಾರ್ನಿ, ಅವರ ಕೆಳಗೆ ವಿಶೇಷ, ಹಿರಿಯ ಮತ್ತು ಸಾಮಾನ್ಯ ಸರ್ಕಾರಿ ಪ್ಲೀಡರುಗಳು. ಜಿಲ್ಲೆಯಲ್ಲಾದರೆ ಸರ್ಕಾರಿ ಪ್ಲೀಡರ್ ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್ ಎರಡೂ ಒಬ್ಬರೇ. ಬೆಳಿಗ್ಗೆ ಕೊಲೆ ಪ್ರಕರಣದ ಸಾಕ್ಷಿ ವಿಚಾರಣೆ ನಡೆಸಿದವರೇ ಮಧ್ಯಾಹ್ನ ಜಲ್ಲಿ, ಸಿಮೆಂಟಿನ ಲೆಕ್ಕಕ್ಕೆ ಕೂರಬೇಕು. ಸಹಾಯಕ್ಕೆ ಹೆಚ್ಚುವರಿ ಪ್ಲೀಡರುಗಳು ಇರುತ್ತಾರೆ, ನಿಜ. ಆದರೆ ಗುತ್ತಿಗೆ ದಾವೆ ಎನ್ನುವುದು ಸಾಕ್ಷಿದಾರನ ಬಾಯಿಮಾತಿನಲ್ಲಿ ಗೆಲ್ಲುವ ಜಾತಿಯದ್ದಲ್ಲ. ಅಳತೆ ಪುಸ್ತಕ, ಸೈಟ್ ಹಸ್ತಾಂತರಿಸಿದ ದಿನಾಂಕ, ಅವಧಿ ವಿಸ್ತರಣೆಯ ಪತ್ರ, ಹೆಚ್ಚುವರಿ ಕೆಲಸದ ಮಂಜೂರಾತಿ, ಇವಿಷ್ಟು ಕೈಯಲ್ಲಿದ್ದರೆ ಅರ್ಧ ಕೇಸು ಮುಗಿದಂತೆ. ಇಲ್ಲದಿದ್ದರೆ ಎಂಥ ವಾಗ್ಮಿಯೂ ಮಾಡುವುದಕ್ಕೇನಿಲ್ಲ.

ಫೈಲಿನ ಹಾದಿ ಹೀಗಿದೆ. ದಾವೆಯ ಸಮನ್ಸ್ ಬಂದ ಮೇಲೆ ಪ್ಲೀಡರ್ ಇಲಾಖೆಗೆ ಪತ್ರ ಬರೆದು ಪ್ಯಾರಾವಾರು ಉತ್ತರ ಕೇಳುತ್ತಾರೆ. ಕೆಲಸ ಮಾಡಿಸಿದ ಸಹಾಯಕ ಎಂಜಿನಿಯರ್ ಅಷ್ಟರಲ್ಲಿ ಇನ್ನೊಂದು ಜಿಲ್ಲೆಗೆ ವರ್ಗವಾಗಿರುತ್ತಾರೆ. ಹೊಸಬರಿಗೆ ಹಳೇ ಕೆಲಸದ ತಲೆಬುಡ ತಿಳಿಯದು. ಮೊತ್ತ ದೊಡ್ಡದಾದರೆ ಕಾರ್ಯನಿರ್ವಾಹಕ ಎಂಜಿನಿಯರಿಂದ ಮೇಲೆ ಮೇಲೆ ಹೋಗಿ ತಿರುವನಂತಪುರದ ಮುಖ್ಯ ಎಂಜಿನಿಯರ್ ಕಚೇರಿ, ಅಲ್ಲಿಂದ ಕಾನೂನು ಇಲಾಖೆ, ಹಣದ ಮಾತು ಬಂದಲ್ಲಿ ಹಣಕಾಸು ಇಲಾಖೆ. ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿ. ಕಂಪ್ಯೂಟರಿನಲ್ಲಿ ಫೈಲು ಓಡಾಡುವ ಕಾಲ ಬಂದರೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಹಿ ಬೀಳುವ ವೇಗ ಬದಲಾದಂತಿಲ್ಲ.

120 ದಿನದ ಗೆರೆ

ಹಿಂದೆಲ್ಲ ಇದು ನಡೆಯುತ್ತಿತ್ತು. ಸಾಧಾರಣ ಸಿವಿಲ್ ದಾವೆಯಲ್ಲಿ ಪ್ರತಿಹೇಳಿಕೆ ತಡವಾದರೆ ನ್ಯಾಯಾಲಯ ಸ್ವಲ್ಪ ಬೈದು, ಸ್ವಲ್ಪ ದಂಡ ಹಾಕಿ ಕಡತಕ್ಕೆ ಸೇರಿಸಿಕೊಳ್ಳುತ್ತಿತ್ತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆ ರೂಢಿಯನ್ನು ಮುರಿಯಿತು. ಕಟ್ಟಡ, ರಸ್ತೆ ನಿರ್ಮಾಣದ ಕರಾರು, ಟೆಂಡರ್ ಎಲ್ಲವೂ ಇದರಲ್ಲಿ ವಾಣಿಜ್ಯ ವ್ಯಾಜ್ಯವೇ. ಒಂದು ಕಡೆ ಸರ್ಕಾರ ಇದೆ ಎಂಬ ಕಾರಣಕ್ಕೆ ಅದು ವಾಣಿಜ್ಯ ವ್ಯಾಜ್ಯ ಅಲ್ಲದೆ ಹೋಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. 2018ರ ತಿದ್ದುಪಡಿಯಲ್ಲಿ ಮೊತ್ತದ ಕನಿಷ್ಠ ಮಿತಿ 1 ಕೋಟಿಯಿಂದ 3 ಲಕ್ಷಕ್ಕೆ ಇಳಿಯಿತು. ಅಂದರೆ ಊರಿನ ಒಂದು ಕಾಂಕ್ರೀಟ್ ರಸ್ತೆಯ ಜಗಳವೂ ಇದರೊಳಗೆ ಬಂತು.

ಈ ಕಾಯ್ದೆಯಡಿ ಸಮನ್ಸ್ ತಲುಪಿದ 120 ದಿನದೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ನ್ಯಾಯಾಧೀಶರು ಮನಸ್ಸು ಮಾಡಿದರೂ ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು. ಸರ್ಕಾರಕ್ಕೆಂದು ಬೇರೆ ಬಾಗಿಲು ಆ ನಿಯಮದಲ್ಲಿ ಇಟ್ಟಿಲ್ಲ. ಇಲಾಖೆಯ ಉತ್ತರ 121ನೇ ದಿನ ಬಂದರೆ ಪ್ಲೀಡರ್ ಅದನ್ನು ಚೀಲದಲ್ಲಿ ಇಟ್ಟುಕೊಂಡು ಕೂರಬೇಕಷ್ಟೆ.

ಮೇಲ್ಮನವಿಯ ಕಥೆಯೂ ಅದೇ. ಮಹಾರಾಷ್ಟ್ರ ಸರ್ಕಾರದ ಜಲಸಂಪನ್ಮೂಲ ಇಲಾಖೆ ಒಬ್ಬ ಗುತ್ತಿಗೆದಾರ ಸಂಸ್ಥೆಯ ವಿರುದ್ಧ ಮೇಲ್ಮನವಿ ಹಾಕಿದ್ದು 60 ದಿನದ ಅವಧಿ ಮುಗಿದು ಮತ್ತೆ 131 ದಿನ ಕಳೆದ ಮೇಲೆ. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನ್ನಿಸಲು ಒಪ್ಪಲಿಲ್ಲ. ಸೊಲ್ಲಾಪುರ, ಜತ್ತ ಕಡೆಯ ಕನ್ನಡಿಗ ಗುತ್ತಿಗೆದಾರರಿಗೂ ಈ ತೀರ್ಪು ನೆನಪಿರಬೇಕಾದ್ದು. ಅದಕ್ಕೂ ಮೊದಲು, 2012ರಲ್ಲಿ, ಅಂಚೆ ಇಲಾಖೆ 427 ದಿನ ತಡವಾಗಿ ಬಂದಾಗ, ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಎಂಬುದು ಈ ಕಾಲಕ್ಕೆ ಒಪ್ಪುವ ಸಮಜಾಯಿಷಿಯಲ್ಲ ಎಂದು ಅದೇ ನ್ಯಾಯಾಲಯ ಹೇಳಿ ಕಳಿಸಿತ್ತು.

2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡಮಾಡಿ ಬಂದು 25 ಸಾವಿರ ರೂಪಾಯಿ ದಂಡ ತೆತ್ತ ಪ್ರಕರಣದಲ್ಲಂತೂ ನ್ಯಾಯಪೀಠ ಒಂದು ಹೆಸರನ್ನೇ ಕೊಟ್ಟಿತು: 'ಸರ್ಟಿಫಿಕೇಟ್ ಕೇಸು'. ಗೆಲ್ಲುವ ಆಸೆಯಿಂದ ಹಾಕುವ ಕೇಸಲ್ಲ ಇದು. ಮೇಲಿನ ನ್ಯಾಯಾಲಯವೇ ವಜಾ ಮಾಡಿತು ಎಂಬ ಒಂದು ಕಾಗದ ಫೈಲಿಗೆ ಸೇರಿದರೆ ನಾಳೆ ಆಡಿಟ್ ಬಂದಾಗ ಯಾರ ತಲೆಗೂ ಬರುವುದಿಲ್ಲ. ಮೇಲ್ಮನವಿಗೆ ಯೋಗ್ಯವಲ್ಲ ಎಂದು ಸರ್ಕಾರಿ ವಕೀಲರು ಅಭಿಪ್ರಾಯ ಬರೆದುಕೊಟ್ಟರೂ ಅಧಿಕಾರಿಗೆ ಧೈರ್ಯ ಸಾಲದು. ಹಣ ಕೊಟ್ಟರೆ ಪ್ರಶ್ನೆ, ಕೊಡದಿದ್ದರೆ ಪ್ರಶ್ನೆ ಇಲ್ಲ. ಈ ರೋಗದ ಮೂಲ ಇಲ್ಲಿದೆ. ಬಡ್ಡಿ ಮಾತ್ರ ಯಾರನ್ನೂ ಕಾಯುವುದಿಲ್ಲ. ಉದಾಹರಣೆಗೆ 10 ಲಕ್ಷದ ಬಿಲ್ಲಿಗೆ ಶೇ. 9ರ ಸರಳ ಬಡ್ಡಿ ಹಾಕಿದರೆ 12 ವರ್ಷದಲ್ಲಿ ಬಡ್ಡಿಯೇ 10.80 ಲಕ್ಷ. ಅಸಲನ್ನು ಮೀರಿದ ಆ ದುಡ್ಡು ಹೋಗುವುದು ಇದೇ ಊರಿನ ಇನ್ನೊಂದು ರಸ್ತೆಗೆ ಇಡಬಹುದಾಗಿದ್ದ ಹಣದಿಂದ.

'ಮೊದಲು ಕೆಲಸ ಮಾಡಿ, ಕಾಗದ ಮತ್ತೆ ನೋಡುವಾ'

ಹಾಗೆಂದು ಗುತ್ತಿಗೆದಾರ ಹೇಳಿದ್ದೆಲ್ಲ ನಿಜ, ಸರ್ಕಾರಿ ವಕೀಲರು ಒಡ್ಡುವ ವಾದವೆಲ್ಲ ಕುತರ್ಕ ಎಂದೇನಿಲ್ಲ. ಅಗೆಯದ ಮಣ್ಣಿಗೆ ಅಳತೆ ಬರೆಸಿದವರು, ಒಂದಕ್ಕೆ ಎರಡು ಸೇರಿಸಿ ಬೇಡಿಕೆ ಇಟ್ಟವರು ಎಲ್ಲ ಕಡೆಯೂ ಇದ್ದಾರೆ. ಅಂಥ ಕಡೆ ಖಜಾನೆಗೆ ಕಾವಲು ನಿಲ್ಲಬೇಕಾದವರು ಈ ವಕೀಲರೇ.

ಕಷ್ಟವಿರುವುದು ನಡುವಿನ ಪ್ರಕರಣಗಳಲ್ಲಿ. ಜೂನ್ ಮಳೆಗೆ ಮೊದಲು ಮುಗಿಯಬೇಕು ಎಂಬ ತರಾತುರಿಯಲ್ಲಿ ಎಂಜಿನಿಯರ್ ಸೈಟಿನಲ್ಲಿ ನಿಂತು 'ಇನ್ನು ಹತ್ತು ಮೀಟರ್ ಗೋಡೆ ಎಬ್ಬಿಸಿ ಬಿಡಿ, ಕಾಗದ ಮತ್ತೆ ನೋಡುವಾ' ಎನ್ನುತ್ತಾರೆ. ಗುತ್ತಿಗೆದಾರ ಎಬ್ಬಿಸುತ್ತಾನೆ. ಕಾಗದ ಬರುವುದಿಲ್ಲ. ಕೋರ್ಟಿನಲ್ಲಿ ಸರ್ಕಾರದ ಪರ ಮೊದಲು ಬರುವ ವಾದ ಸಂವಿಧಾನದ 299ನೇ ವಿಧಿ. ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯೊಂದಿಗೆ ಇರಬೇಕು, ಬಾಯಿಮಾತು ಕರಾರಲ್ಲ ಎಂಬುದು. ವಾದ ಸರಿಯೇ. ಆದರೆ ಅಷ್ಟಕ್ಕೇ ಕೇಸು ಮುಗಿಯುವುದಿಲ್ಲ. ಬಂಗಾಳದಲ್ಲಿ ಅಧಿಕಾರವಿಲ್ಲದ ಅಧಿಕಾರಿಗಳ ಮಾತು ಕೇಳಿ ಕಟ್ಟಡ ಕಟ್ಟಿಕೊಟ್ಟ ಗುತ್ತಿಗೆದಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಷ್ಟು ಹಿಂದೆಯೇ ದಾರಿ ತೋರಿಸಿತ್ತು. ಕರಾರು ಇಲ್ಲದಿದ್ದರೂ ಸರ್ಕಾರ ಆ ಕೆಲಸವನ್ನು ಸ್ವೀಕರಿಸಿ ಅನುಭವಿಸುತ್ತಿದ್ದರೆ ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕು. ಗೋಡೆ ಕಣ್ಣೆದುರು ನಿಂತಿರುವಾಗ 299ನೇ ವಿಧಿಯನ್ನಷ್ಟೇ ಹಿಡಿದುಕೊಂಡು ವರ್ಷಗಟ್ಟಲೆ ಎಳೆಯುವುದರಲ್ಲಿ ಅರ್ಥವಿಲ್ಲ ಎಂದು ಇಲಾಖೆಗೆ ಬರೆದು ತಿಳಿಸುವ ವಕೀಲರೇ ಸರ್ಕಾರಕ್ಕೆ ನಿಜವಾದ ಲಾಭ ಮಾಡಿಕೊಡುವವರು.

ಇನ್ನೊಂದು, ಇಲ್ಲಿನವರಿಗೆ ಹೆದರಿಕೆ ಹುಟ್ಟಿಸುವ 'ರಿಸ್ಕ್ ಆಂಡ್ ಕಾಸ್ಟ್'. ಕೆಲಸ ತಡವಾಯಿತೆಂದು ಕರಾರು ರದ್ದು ಮಾಡಿ, ಉಳಿದದ್ದನ್ನು ಬೇರೆಯವರಿಂದ ಮಾಡಿಸಿ, ಹೆಚ್ಚಾದ ಖರ್ಚನ್ನು ಮೊದಲಿನವನಿಂದ ವಸೂಲು ಮಾಡುವ ಕ್ರಮ. 1968ರ ಕೇರಳ ರೆವಿನ್ಯೂ ರಿಕವರಿ ಕಾಯ್ದೆಯ ನೋಟೀಸು ಮನೆ ಬಾಗಿಲಿಗೆ ಬಂದಾಗ ಅಡಿಕೆ ತೋಟವೇ ಹೋಯಿತು ಎಂದು ಕುಟುಂಬ ಕಂಗಾಲಾಗುತ್ತದೆ. ಇದಕ್ಕೆ ಉತ್ತರ ಇರುವುದು ಘಟ್ಟದ ಮೇಲಿನ ತೀರ್ಥಹಳ್ಳಿಯಲ್ಲಿ. ಭತ್ತ ಮಿಲ್ ಮಾಡಿಸುವ ಕರಾರಿನ ವಿಚಾರದಲ್ಲಿ ಅಲ್ಲಿನ ಒಂದು ಅಕ್ಕಿ ಗಿರಣಿಗೂ ಕರ್ನಾಟಕ ಸರ್ಕಾರಕ್ಕೂ ನಡೆದ ವ್ಯಾಜ್ಯ 1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕರಾರು ಮುರಿದದ್ದು ಯಾರು ಎಂಬ ಬಗ್ಗೆಯೇ ತಕರಾರು ಇರುವಾಗ, ಕರಾರಿನ ಒಂದು ಪಕ್ಷವಾದ ಸರ್ಕಾರ ತಾನೇ ನ್ಯಾಯಾಧೀಶನಾಗಿ ತಪ್ಪು ತೀರ್ಮಾನಿಸಿ, ನಷ್ಟವನ್ನೂ ತಾನೇ ಗೊತ್ತುಮಾಡಿ, ಕಂದಾಯದ ಬಾಕಿಯಂತೆ ವಸೂಲು ಮಾಡುವಂತಿಲ್ಲ. ಮೊದಲು ಸ್ವತಂತ್ರ ತೀರ್ಮಾನ ಆಗಬೇಕು. ಗುತ್ತಿಗೆದಾರ ತಪ್ಪು ಒಪ್ಪಿಕೊಂಡಿದ್ದರೆ ಮಾತು ಬೇರೆ.

ಆರ್ಬಿಟ್ರೇಶನ್ ಬೇಡವೆಂದ ಕೇರಳ

ಕೋರ್ಟು ಬೇಡ, ಇಬ್ಬರೂ ಒಪ್ಪಿದ ಮಧ್ಯಸ್ಥರೇ ತೀರ್ಪು ಹೇಳಲಿ ಎಂಬ ದಾರಿಯನ್ನು ಕೇರಳ ಒಮ್ಮೆ ನೋಡಿ ಕೈಸುಟ್ಟುಕೊಂಡಿತು. ಕಲ್ಲಡ ನೀರಾವರಿಯಂಥ ಯೋಜನೆಗಳ ಕರಾರಿನಲ್ಲಿ ಆರ್ಬಿಟ್ರೇಶನ್ ಷರತ್ತು ಇತ್ತು. ತೀರ್ಪುಗಳು ಗುತ್ತಿಗೆದಾರರ ಪರ ದೊಡ್ಡ ದೊಡ್ಡ ಮೊತ್ತಕ್ಕೆ ಬರತೊಡಗಿದಾಗ, ಮಧ್ಯಸ್ಥರು ಅವರೊಂದಿಗೆ ಶಾಮೀಲಾಗಿದ್ದಾರೆ ಎಂದು ಆರೋಪಿಸಿದ ಸರ್ಕಾರ 1998ರಲ್ಲಿ ಒಂದು ಕಾಯ್ದೆ ತಂದು ಆ ಷರತ್ತುಗಳನ್ನೇ ರದ್ದುಪಡಿಸಿತು. ಆಗಲೇ ಆಗಿದ್ದ ತೀರ್ಪುಗಳನ್ನು ಮತ್ತೆ ತೆರೆಯುವ ಅವಕಾಶವನ್ನೂ ಅದರಲ್ಲಿ ಸೇರಿಸಿತು. ಹೈಕೋರ್ಟ್ 2013ರಲ್ಲಿ ಕಾಯ್ದೆಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ 2022ರ ಮೇ 4ರಂದು, ಇಂಥ ಕಾಯ್ದೆ ಮಾಡುವ ಅಧಿಕಾರ ರಾಜ್ಯಕ್ಕೆ ಇತ್ತಾದರೂ, ನ್ಯಾಯಾಲಯದ ಮುದ್ರೆ ಬಿದ್ದು ಡಿಕ್ರಿಯಾದ ತೀರ್ಪನ್ನು ಕಾಯ್ದೆ ಮಾಡಿ ಅಳಿಸುವುದು ನ್ಯಾಯಾಂಗದ ಅಧಿಕಾರಕ್ಕೆ ಕೈಹಾಕಿದಂತೆ ಎಂದು ಹೇಳಿ ಅದನ್ನು ಅಸಿಂಧುಗೊಳಿಸಿತು. 24 ವರ್ಷ ಸರ್ಕಾರದ ಪರ ವಾದಿಸಿದ ವಕೀಲರ ತಲೆಮಾರೇ ಬದಲಾಗಿತ್ತು.

ಕೇಂದ್ರವೂ ಈಗ ಅದೇ ದಿಕ್ಕಿಗೆ ಹೊರಳಿದೆ. 2024ರ ಜೂನ್ 3ರ ಹಣಕಾಸು ಸಚಿವಾಲಯದ ಸೂಚನೆ, ಆರ್ಬಿಟ್ರೇಶನ್ ಷರತ್ತನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೊತ್ತದ ವ್ಯಾಜ್ಯಕ್ಕೆ ಮಾತ್ರ ಇಟ್ಟುಕೊಳ್ಳಿ, ದೊಡ್ಡದಕ್ಕೆ ರಾಜಿ ಸಂಧಾನ ನೋಡಿ ಎನ್ನುತ್ತದೆ. ಅದಕ್ಕೂ ಹಿಂದಿನ ವರ್ಷ ಕೇಂದ್ರ ಒಂದು ಒಳ್ಳೆಯ ಕೆಲಸ ಮಾಡಿತ್ತು. 'ವಿವಾದ್ ಸೇ ವಿಶ್ವಾಸ್ 2' ಯೋಜನೆಯಲ್ಲಿ, ಕೋರ್ಟಿನಲ್ಲಿ ಗೆದ್ದ ಗುತ್ತಿಗೆದಾರ ಶೇ. 85, ಆರ್ಬಿಟ್ರೇಶನ್‌ನಲ್ಲಿ ಗೆದ್ದವನು ಶೇ. 65ರ ತನಕ ಮೊತ್ತ ಒಪ್ಪಿಕೊಂಡು ಕೇಸು ಮುಗಿಸಿಕೊಳ್ಳಬಹುದಿತ್ತು. ಅಧಿಕಾರಿಯ ಹೆದರಿಕೆಗೆ ಅದು ಮದ್ದು. ಕೊಡುವ ದರವನ್ನು ಸರ್ಕಾರವೇ ಬರೆದಿಟ್ಟ ಮೇಲೆ ಆಡಿಟಿಗೆ ಹೆದರಬೇಕಾದ್ದಿಲ್ಲ. ಆದರೆ ಅದು ಕೇಂದ್ರದ ಕರಾರುಗಳಿಗೆ ಮಾತ್ರ, ಅದೂ 2023ರೊಂದಿಗೆ ಮುಗಿದ ಅವಕಾಶ.

ವಾಣಿಜ್ಯ ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಸಂಧಾನಕ್ಕೆ ಹೋಗುವುದು, ತುರ್ತು ಪರಿಹಾರ ಬೇಡದ ಪ್ರಕರಣಗಳಲ್ಲಿ, ಕಡ್ಡಾಯ ಎಂದು 2022ರ ಆಗಸ್ಟಿನಲ್ಲಿ ತೀರ್ಪಾಗಿದೆ. ಕಡ್ಡಾಯವಾದರೇನು, ಸಂಧಾನದ ಮೇಜಿಗೆ ಬರುವ ಅಧಿಕಾರಿಗೆ 'ಇಷ್ಟು ಕೊಡ್ತೇವೆ' ಎನ್ನುವ ಅಧಿಕಾರವೇ ಇಲ್ಲದಿದ್ದರೆ ಚಹಾ ಕುಡಿದು ಏಳುವುದಷ್ಟೇ ಆಗುತ್ತದೆ. ಜಿಲ್ಲಾ ಮಟ್ಟದಲ್ಲಿ ಒಂದು ಮಿತಿಯವರೆಗೆ ಒಪ್ಪಿಕೊಳ್ಳುವ ಅಧಿಕಾರವನ್ನು ಲಿಖಿತವಾಗಿ ಕೊಡದೆ ಈ ಗಂಟು ಬಿಚ್ಚುವಂತೆ ಕಾಣುವುದಿಲ್ಲ.

ಹುದ್ದೆಯ ಭದ್ರತೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಸರ್ಕಾರ ಬದಲಾದಾಗ ವಕೀಲರ ಪಟ್ಟಿಯೂ ಬದಲಾಗುವುದು ಎಲ್ಲ ರಾಜ್ಯಗಳಲ್ಲೂ ಕಂಡದ್ದೇ. ಉತ್ತರ ಪ್ರದೇಶ ಒಂದೇ ಆದೇಶದಲ್ಲಿ ಜಿಲ್ಲೆಗಳ ಸರ್ಕಾರಿ ವಕೀಲರನ್ನೆಲ್ಲ ಕೈಬಿಟ್ಟಾಗ ಸುಪ್ರೀಂ ಕೋರ್ಟ್ 1990ರಲ್ಲಿ ಅದನ್ನು ರದ್ದುಗೊಳಿಸಿತ್ತು. ಹತ್ತು ವರ್ಷ ಎಳೆಯುವ ಗುತ್ತಿಗೆ ದಾವೆಯಲ್ಲಿ ಮೂರನೆಯವರೋ ನಾಲ್ಕನೆಯವರೋ ಬಂದು ಫೈಲನ್ನು ಮೊದಲ ಪುಟದಿಂದ ಓದಬೇಕಾದರೆ ಮತ್ತೆ ಟೈಮ್ ಕೇಳದೆ ಏನು ಮಾಡಿಯಾರು?

ಗಡಿನಾಡಿನ ಕುಟುಂಬಗಳಿಗೆ ಇದರ ಮೇಲೊಂದು ಭಾಷೆಯ ಹೊರೆ. ಟೆಂಡರ್ ಕರಾರು ಇಂಗ್ಲಿಷಿನಲ್ಲಿ, ಕಚೇರಿಯ ಟಿಪ್ಪಣಿ ಮಲಯಾಳದಲ್ಲಿ, ಮನೆಯ ಲೆಕ್ಕದ ಪುಸ್ತಕ ಕನ್ನಡದಲ್ಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದವರು ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿತ್ತು. ಆದರೆ ಕನ್ನಡ ಬಾರದ ಎಂಜಿನಿಯರಿನ ಮೇಜಿನಲ್ಲಿ ಆ ಪತ್ರ ಅನುವಾದಕ್ಕೆ ಕಾಯುತ್ತಾ ಕೂತರೆ ನಷ್ಟ ಬರೆದವನಿಗೇ. ಕನ್ನಡ ಪತ್ರದ ಜೊತೆ ಇಂಗ್ಲಿಷ್ ಪ್ರತಿ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದು ಅಭಿಮಾನಕ್ಕೆ ಕುಂದಲ್ಲ. ದಾವೆ ಗೆಲ್ಲಿಸುವುದು ಆ ಸೀಲು.

ದಿನದ ಲೆಕ್ಕ ಗುತ್ತಿಗೆದಾರನಿಗೂ ಇದೆ. ಹಣ ಪಾವತಿಗೆ ದಿನ ಗೊತ್ತುಮಾಡದ ಕೆಲಸಕ್ಕೆ ದಾವೆ ಹೂಡುವ ಕಾಲಮಿತಿ ಕೆಲಸ ಮುಗಿದಲ್ಲಿಂದ 3 ವರ್ಷ. ಸರ್ಕಾರದ ದಾವೆಗಾದರೆ 30 ವರ್ಷ. ಅನ್ಯಾಯ ಎನಿಸಿದರೂ ಕಾನೂನು ಹೀಗಿದೆ. ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ನಿನ ನೋಟೀಸನ್ನು ಸರ್ಕಾರದ ಕಾರ್ಯದರ್ಶಿಗೋ ಜಿಲ್ಲಾಧಿಕಾರಿಗೋ ಕೊಟ್ಟು 2 ತಿಂಗಳು ಕಾಯಬೇಕು. ಆ ಅವಧಿ 3 ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. 'ಬರುವ ಬಜೆಟಿಗೆ ಆಗ್ತದೆ' ಎಂಬ ಮಾತು ನಂಬಿ ನಾಲ್ಕನೇ ವರ್ಷ ಬಂದವನನ್ನು ಎದುರಿಸಲು ಸರ್ಕಾರಿ ಪ್ಲೀಡರಿಗೆ ಅಳತೆ ಪುಸ್ತಕವೂ ಬೇಡ, ಕ್ಯಾಲೆಂಡರ್ ಸಾಕು.