ಕೊಳಲಿಗೆ ಹೆಣ್ಣು ಗಂಡೆಂಬ ಭೇದವುಂಟೆ?

"ಹೆಂಗಸರ ತಂಡವಾದರೂ ಚೆನ್ನಾಗಿ ನುಡಿಸುತ್ತಾರೆ" ಎಂಬ ಮಾತನ್ನು ಹೊಗಳಿಕೆಯೆಂದೇ ಭಾವಿಸಿ ಆಡುವ ಸಜ್ಜನರು ನಮ್ಮ ನಡುವೆ ಇನ್ನೂ ಇದ್ದಾರೆ. 'ಆದರೂ' ಎಂಬ ಆ ಒಂದು ಪದದಲ್ಲಿ ಎಷ್ಟು ತಲೆಮಾರುಗಳ ತಾತ್ಸಾರ ಅಡಗಿದೆಯೆಂಬುದನ್ನು ಅವರು ಯೋಚಿಸಿದಂತಿಲ್ಲ. ಈ ಮನೋಭಾವವನ್ನು ಖಂಡಿಸುವುದಕ್ಕಾಗಿಯೇ ದೂರದೇಶದ ಒಂದು ನಿದರ್ಶನವನ್ನು ನಾವು ಓದುಗರ ಮುಂದಿಡುತ್ತಿದ್ದೇವೆ. ಅದು ನ್ಯೂಯಾರ್ಕಿನ 'ಚೆರಿಷ್ ದಿ ಲೇಡೀಸ್' ಎಂಬ ಐರಿಷ್ ಸಂಗೀತ ತಂಡ. ಅದರ ಧ್ವನಿಮುದ್ರಿಕೆಗಳೇ ನಮ್ಮ ಸಾಕ್ಷಿ.

ಐರ್ಲೆಂಡಿನಲ್ಲಿ ಹೆಂಗಸರು ವಾದ್ಯ ನುಡಿಸುವುದು ಹೊಸತೇನಲ್ಲ. ಕ್ಲೇರ್ ಪ್ರಾಂತದ ಮನೆಮನೆಗಳಲ್ಲಿ ಕನ್ಸರ್ಟಿನಾ ಎಂಬ ಕೈತಿದಿಯ ವಾದ್ಯ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಇತ್ತು. ಆದರೆ ಅಮೆರಿಕದಲ್ಲಿ 1920ರ ದಶಕದಿಂದ ಐರಿಷ್ ಸಂಗೀತದ ಗ್ರಾಮಫೋನ್ ತಟ್ಟೆಗಳು ಹೊರಬಂದಾಗ ಅವುಗಳ ಮೇಲಿನ ಹೆಸರುಗಳು ಬಹುಪಾಲು ಗಂಡಸರವೇ. ಅಡುಗೆಮನೆಯ ಒಲೆಯ ಬಳಿ ನುಡಿಸಿದವಳು ಮನೆಯವರಿಗೆ ಗೊತ್ತು. ತಟ್ಟೆಯಲ್ಲಿ ನುಡಿಸಿದವನು ಲೋಕಕ್ಕೆ ಗೊತ್ತು. ಮುದ್ರಣಗೊಳ್ಳದ ಕಲೆ ಇಲ್ಲದ ಕಲೆಯೆಂದು ಎಣಿಸಲ್ಪಡುವುದು ಹೀಗೆಯೇ.

ಈ ಅನ್ಯಾಯವನ್ನು ಕಂಡವರು ಲಿಮರಿಕ್ ಮೂಲದ ಜಾನಪದ ವಿದ್ವಾಂಸ, ಗಾಯಕ ಮಿಕ್ ಮೊಲೊನಿ. ಅಮೆರಿಕದಲ್ಲಿ ಹುಟ್ಟಿದ ಐರಿಷ್ ಮನೆತನಗಳ ಉತ್ತಮ ಕಲಾವಿದರಲ್ಲಿ ಹೆಣ್ಣುಮಕ್ಕಳು ಅನೇಕರಿರುವುದನ್ನು ಗಮನಿಸಿ, 1985ರಲ್ಲಿ ನ್ಯೂಯಾರ್ಕಿನಲ್ಲಿ ಅವರದೇ ಕಛೇರಿಗಳನ್ನು ಏರ್ಪಡಿಸಿದರು. ಹಳೆಯ ನೃತ್ಯದ ಮಟ್ಟೊಂದರ ಹೆಸರೇ ತಂಡದ ಹೆಸರಾಯಿತು. ಅದೇ ವರ್ಷ ಮೊದಲ ಧ್ವನಿಮುದ್ರಿಕೆಯೂ ಬಂತು. 1992ರಲ್ಲಿ 'ದಿ ಬ್ಯಾಕ್ ಡೋರ್', 1996ರಲ್ಲಿ 'ನ್ಯೂ ಡೇ ಡಾನಿಂಗ್', 1998ರಲ್ಲಿ 'ಥ್ರೆಡ್ಸ್ ಆಫ್ ಟೈಮ್' ಎಂದು ಅದು ಮುಂದುವರಿಯಿತು. 'ದಿ ಬ್ಯಾಕ್ ಡೋರ್' ಎಂಬ ಹಾಡನ್ನು ಬರೆದವರು ತಂಡದ ಗಾಯಕಿ ಕ್ಯಾಥಿ ರಯಾನ್. ಕಾಗದಪತ್ರವಿಲ್ಲದೆ ಅಮೆರಿಕದಲ್ಲಿ ದುಡಿಯುತ್ತಿದ್ದ ಐರಿಷ್ ವಲಸಿಗರ ಪಾಡು ಅದರ ವಸ್ತು.

ತಂಡದ ನಾಯಕಿ ಜೋನಿ ಮ್ಯಾಡನ್. ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ. ತಂದೆ ಗಾಲ್ವೇ ಪ್ರಾಂತದಿಂದ ಬಂದ ಅಕಾರ್ಡಿಯನ್ ವಾದಕ. 1984ರ ಅಖಿಲ ಐರ್ಲೆಂಡ್ ಸ್ಪರ್ಧೆಯಲ್ಲಿ ಟಿನ್ ವಿಸಲ್ ಎಂಬ ಪುಟ್ಟ ತಗಡಿನ ಕೊಳಲಿನ ಹಿರಿಯರ ವಿಭಾಗದಲ್ಲಿ ಗೆದ್ದ ಮೊದಲ ಅಮೆರಿಕನ್ ಅವರೇ. ಅವರ ಮುದ್ರಿಕೆಯನ್ನು ಹೆಸರು ಮರೆಮಾಡಿ ಕೇಳಿಸಿದರೆ ನುಡಿಸಿದವರು ಹೆಣ್ಣೋ ಗಂಡೋ ಎಂದು ಹೇಳಬಲ್ಲ ಪಂಡಿತರು ಯಾರಿದ್ದಾರೆ? ರಾಗಕ್ಕೆ ಸೀರೆಯೂ ಇಲ್ಲ, ಪಂಚೆಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: "ಭೇದವಿಲ್ಲವೆಂದ ಮೇಲೆ ಹೆಂಗಸರದೇ ತಂಡವೇಕೆ?" ಇದು ಕೇಳಲು ಜಾಣ ಪ್ರಶ್ನೆ, ವಿಚಾರಿಸಿದರೆ ಟೊಳ್ಳು. ನೂರು ವರ್ಷ ಗಂಡಸರದೇ ತಂಡಗಳಿದ್ದಾಗ 'ಗಂಡಸರದೇ ಏಕೆ' ಎಂದು ಯಾರೂ ಕೇಳಲಿಲ್ಲ. ಅವನ್ನು ಬರಿದೇ 'ತಂಡ' ಎಂದರು. ಬಾಗಿಲು ತೆರೆಯದಿದ್ದಾಗ ಹೊಸ ಬಾಗಿಲು ಇಡುವುದು ತಪ್ಪಲ್ಲ. ಈ ಕಲಾವಿದೆಯರು ಕೇಳಿದ್ದು ರಿಯಾಯಿತಿಯನ್ನಲ್ಲ, ಕೇಳುವ ಕಿವಿಯನ್ನು.

ಇನ್ನು ಕೆಲವರು, "ತಾಯ್ನೆಲ ಬಿಟ್ಟವರ ಕಲೆ ಬೇರಿಲ್ಲದ ಮರ" ಎನ್ನುತ್ತಾರೆ. ಸ್ಲೈಗೋ ಪ್ರಾಂತದಿಂದ ವಲಸೆ ಹೋದ ಮೈಕಲ್ ಕೋಲ್ಮನ್ ನ್ಯೂಯಾರ್ಕಿನಲ್ಲಿ ನುಡಿಸಿದ ಪಿಟೀಲಿನ ತಟ್ಟೆಗಳು ಹಡಗೇರಿ ಐರ್ಲೆಂಡಿಗೆ ಮರಳಿ, ಅಲ್ಲಿನ ಪಿಟೀಲು ಶೈಲಿಯನ್ನೇ ತಿದ್ದಿದವು. ಗಡಿಯಾಚೆಯ ಮನೆ ಮೂಲದ ಮನೆಗೇ ಪಾಠ ಹೇಳಿದ್ದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? 1985ರಲ್ಲೇ ಮೊಲೊನಿಯವರು 'ಫಾದರ್ಸ್ ಅಂಡ್ ಡಾಟರ್ಸ್' ಎಂಬ ಇನ್ನೊಂದು ಮುದ್ರಿಕೆಯನ್ನು ಹೊರತಂದರು. ತಂದೆಯರು, ಮಗಳಂದಿರು ಎಂಬ ಆ ಹೆಸರೇ ಪರಂಪರೆ ಉಳಿದ ಬಗೆಯನ್ನು ಹೇಳುತ್ತದೆ. ಅದನ್ನು ಉಳಿಸಿದ್ದು ಸರಕಾರದ ಅನುದಾನವಲ್ಲ. ದುಡಿದು ದಣಿದು ಬಂದ ತಂದೆ ಮಗಳ ಕೈಗೆ ವಾದ್ಯವಿತ್ತ ಸಂಜೆಗಳು.

ರಾಜ್ಯದ ಗಡಿಯಾಚೆ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ನಮಗೆ ಈ ಮಾತು ಅಪರಿಚಿತವಾಗಬಾರದು. ಸಮ್ಮೇಳನಗಳಲ್ಲಿ ಸಾಹಿತ್ಯ ಗೋಷ್ಠಿಯನ್ನು ಪೂರ್ವಾಹ್ನಕ್ಕಿಟ್ಟು, 'ಮಹಿಳಾ ಗೋಷ್ಠಿ'ಯನ್ನು ಊಟದ ನಂತರದ ತೂಕಡಿಕೆಯ ಹೊತ್ತಿಗೆ ತಳ್ಳುವ ಪದ್ಧತಿಯನ್ನು ನಾವು ಇನ್ನೆಷ್ಟು ಕಾಲ ಸಹಿಸಬೇಕು? ಮನೆಯಲ್ಲಿ ಮಕ್ಕಳಿಗೆ ಕನ್ನಡ ನುಡಿಸಿದವರು, ಸೋಬಾನೆ, ಲಾಲಿ, ಬೀಸುವ ಪದಗಳನ್ನು ನೆನಪಿನಲ್ಲಿಟ್ಟವರು ಯಾರು? ಅವರ ಕಂಠವನ್ನು ಧ್ವನಿಮುದ್ರಿಸಿ ಇಡುವ ಕೆಲಸವನ್ನು ನಮ್ಮ ಎಷ್ಟು ಸಂಘಗಳು ಮಾಡಿವೆ? ಇಂದು ಪ್ರತಿ ಕಿಸೆಯಲ್ಲೂ ಮೊಬೈಲಿದೆ. ಉಪಕರಣವಿಲ್ಲವೆಂಬ ನೆಪ ಸಲ್ಲದು.

ನಮ್ಮ ಹಿರಿಯ ಹೆಣ್ಣುಮಕ್ಕಳ ಹಾಡುಗಳನ್ನು, ಹಾಡಿದವರ ಹೆಸರಿನೊಡನೆ, ಸಂಘವು ಮುದ್ರಿಸಿಡಲಿ. ಅವರಿಗೆ ಪೂರ್ವಾಹ್ನದ ವೇದಿಕೆ ದೊರೆಯಲಿ. ಮುಂದಿನ ಸಮ್ಮೇಳನದ ಆಮಂತ್ರಣ ಪತ್ರಿಕೆಯಲ್ಲೇ ಇದು ಕಾಣಬೇಕೆಂದು ನಾವು ಆಗ್ರಹಿಸುತ್ತೇವೆ.