ಹಾಸು ಮತ್ತು ಹೊಕ್ಕು



ಸುಖ ಎಲ್ಲಿದೆ? ಕೈಯಲ್ಲಿರುವ ಕಾಸಿನಲ್ಲೋ, ಮನಸ್ಸಿನಲ್ಲೋ? ಎಲ್ಲವೂ ಮನಸ್ಸಿನಲ್ಲಿದೆ ಎಂದು ಪ್ರಬೋಧನೆಯಲ್ಲಿ ಹೇಳುವುದು ಸುಲಭ. ಆದರೆ ಎಮ್ಮಿಗನೂರು ಸೀಮೆಯಲ್ಲಿ ಆ ಮಾತನ್ನಾಡುವಾಗ ನಾಲಿಗೆ ತಡವರಿಸುತ್ತದೆ.

ಮಳೆ ಕೈಕೊಟ್ಟ ವರ್ಷ ಇಲ್ಲಿಯ, ಕೋಸಿಗಿಯ ಹಳ್ಳಿಗಳ ಜನ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತಾರೆ. ಜೊತೆಗೆ ಹೋದ ಮಕ್ಕಳಿಗೆ ಶಾಲೆ ತಪ್ಪುತ್ತದೆ. ಉಳಿದವರನ್ನು ಅಜ್ಜಿ ನೋಡಿಕೊಳ್ಳಬೇಕು. ಅಂಥ ತಾಯಿಗೆ "ಇದ್ದುದರಲ್ಲೇ ಸುಖವಾಗಿರಮ್ಮ" ಎಂದರೆ ಅದು ಉಪದೇಶವಲ್ಲ, ನಿರ್ದಯೆ. ಹಸಿದವರಿಗೆ ಊಟ ಕೊಡದೆ ಬರೀ ಹರಸಿ ಕಳುಹಿಸುವುದು ವ್ಯರ್ಥವೆಂದು ಸಂತ ಯಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ.

ಕಷ್ಟ ಮನಸ್ಸನ್ನೂ ಹಿಂಡುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ ಕೊಯ್ಲಿನ ನಂತರ ಚೆನ್ನಾಗಿ ಮಾಡಿದರು. ಮನುಷ್ಯರು ಅವರೇ, ಬದಲಾದದ್ದು ಕೈಯ ಸ್ಥಿತಿ.

ಹಾಗಾದರೆ ಹಣವೇ ಸುಖವೇ? ಹಾಗೂ ಅಲ್ಲ. ಮೂರಂತಸ್ತಿನ ಮನೆ ಕಟ್ಟಿಸಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಇತ್ತ ಸಂತ ಪೌಲರು ಫಿಲಿಪ್ಪಿಯರಿಗೆ ಪತ್ರ ಬರೆದದ್ದು ಸೆರೆಯಿಂದ. ಆದರೂ ಅದರ ತುಂಬ ಸಂತೋಷ. ತೃಪ್ತಿಯನ್ನು ಕಲಿತುಕೊಂಡೆ ಎನ್ನುತ್ತಾರೆ, ಹುಟ್ಟಿನಿಂದ ಬಂತು ಎನ್ನುವುದಿಲ್ಲ. ಅದೇ ಪತ್ರದಲ್ಲಿ, ಕಷ್ಟಕಾಲದಲ್ಲಿ ನೆರವು ಕಳುಹಿಸಿದ ಫಿಲಿಪ್ಪಿಯರನ್ನು ಮನಸಾರೆ ಮೆಚ್ಚುತ್ತಾರೆ. ತೃಪ್ತಿ ಕಲಿತವರಿಗೂ ನೆರವು ಬೇಕಿತ್ತು!

ಎಮ್ಮಿಗನೂರು ಮಗ್ಗದ ಊರು. ಮಗ್ಗಕ್ಕೆ ಮೊದಲೇ ಹೂಡಿದ ಉದ್ದದ ಎಳೆ ಹಾಸು. ಲಾಳಿಯಿಂದ ನೇಕಾರ ಸೇರಿಸುವ ಅಡ್ಡ ಎಳೆ ಹೊಕ್ಕು. ಪರಿಸ್ಥಿತಿ ಹಾಸು, ಮನೋಭಾವ ಹೊಕ್ಕು. ಒಂದೇ ಇದ್ದರೆ ಬಟ್ಟೆಯಾಗದು. 1938ರಲ್ಲಿ ಮಾಚಾನಿ ಸೋಮಪ್ಪನವರು ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಬಡ ನೇಕಾರರಿಗೆ ಬೇಕಿದ್ದುದು ತಾಳ್ಮೆಯ ಬೋಧನೆಯಷ್ಟೇ ಅಲ್ಲ, ಒಟ್ಟಾಗಿ ನಿಲ್ಲುವ ದಾರಿ ಎಂಬುದಕ್ಕೆ ಆ ಸಂಘವೇ ಸಾಕ್ಷಿ.

ಆದ್ದರಿಂದ ನಮಗೆ ಕಷ್ಟ ಬಂದಾಗ ನಮ್ಮ ಮನಸ್ಸನ್ನು ಗಟ್ಟಿ ಮಾಡಿಕೊಳ್ಳೋಣ. ನೆರೆಯವರಿಗೆ ಕಷ್ಟ ಬಂದಾಗ ಅವರ ಪರಿಸ್ಥಿತಿಯನ್ನು ಬದಲಿಸಲು ಕೈಜೋಡಿಸೋಣ. ಎಷ್ಟೋ ಸಲ ನಾವು ಇದನ್ನು ತಿರುವುಮುರುವು ಮಾಡುತ್ತೇವೆ: ನಮಗೆ ಸೌಕರ್ಯ ಬೇಡುತ್ತೇವೆ, ಅವರಿಗೆ ತಾಳ್ಮೆ ಬೋಧಿಸುತ್ತೇವೆ.

ಗುಳೆ ಹೋದವರ ಮಗು ನಿಮ್ಮ ಓಣಿಯಲ್ಲಿದೆಯೇ? ಸಂಜೆ ನಿಮ್ಮ ಮಕ್ಕಳ ಜೊತೆ ಓದಲು ಕೂರಿಸಿ. ಊಟಕ್ಕೆ ಇನ್ನೊಂದು ತಟ್ಟೆ ಇಡಿ. ಅಂದು ನಿಮ್ಮ ಮನೆಯಲ್ಲಿ ಸುಖ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.