ಹಾಲು ಬೇಕು, ಪಾಲು ಬೇಡ

ನೂಲಿನ ಉಂಡೆಯೊಂದು ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿದರೆ ಏನೇನು ಸಂಭವಿಸಬಹುದೆಂಬುದನ್ನು ತಿಳಿಯಬೇಕಾದರೆ ನೇಕಾರರ ಮನೆಗೇ ಹೋಗಬೇಕು. ಬೆಕ್ಕಿನ ಮರಿ ನೂಲನ್ನು ಕೆಡಿಸುತ್ತದೆಂದು ನಾವೆಲ್ಲ ಕೇಳಿದ್ದೇವೆ. ಆದರೆ ಅದೇ ನೂಲನ್ನು ಬಾಗಿಲಿನ ಚಿಲಕಕ್ಕೆ ಸುತ್ತಿ, ಅಜ್ಜನ ಕನ್ನಡಕದ ಕಾಲಿಗೆ ಸಿಕ್ಕಿಸಿ, ಉಳಿದ ತುದಿಯನ್ನು ಬಾಯಲ್ಲಿಟ್ಟುಕೊಂಡು, ಇದನ್ನೆಲ್ಲ ಮಾಡಿದವರು ಬೇರೆ ಯಾರೋ ಎಂಬಂತೆ ಮುಖ ಮಾಡಿ ಕುಳಿತುಕೊಳ್ಳುವ ವಿದ್ಯೆ ಬೆಕ್ಕಿನ ಮರಿಗೆ ಬಾರದು.

ನಾನು ಹೇಳುತ್ತಿರುವುದು ಕೊಯಮುತ್ತೂರಿನ ಕಡೆಯ ದೇವಾಂಗರ ಮನೆಗಳ ವಿಚಾರ. ಭವಾನಿ ನದಿಯ ಪಕ್ಕದ ಸಿರುಮುಗೈಯಲ್ಲಿ ರೇಷ್ಮೆಸೀರೆ, ಪೊಳ್ಳಾಚಿಗೆ ಸಮೀಪದ ನೆಗಮಂನಲ್ಲಿ ಹತ್ತಿಸೀರೆ ನೇಯುವವರಲ್ಲಿ ಇವರು ಬಹಳ ಮಂದಿ. ಚೌಡೇಶ್ವರಿಯ ಒಕ್ಕಲಿನವರು. ಇವರಲ್ಲಿ ಅನೇಕರ ಮನೆಮಾತು ಕನ್ನಡ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಲೆಕ್ಕಪುಸ್ತಕದಲ್ಲಿ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಕನ್ನಡದ ಅಕ್ಷರ ಓದಬಲ್ಲವರು ಅಪರೂಪ. ಕಾಸರಗೋಡಿನ ನಮಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಕೊಳ್ಳೇಗಾಲ ತಾಲೂಕು ಕೂಡ ಹಿಂದೆ ಕೊಯಮುತ್ತೂರು ಜಿಲ್ಲೆಯದೇ ಆಗಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂತು, ನಾವು ಕೇರಳಕ್ಕೆ ಹೋದೆವು, ಸಿರುಮುಗೈ ನೆಗಮಂಗಳು ಇದ್ದಲ್ಲಿಯೇ ಉಳಿದುವು. ಇರಲಿ, ಇಂದಿನ ವಿಷಯ ಗಡಿಯಲ್ಲ, ಮಕ್ಕಳ ಕೋಟಲೆ.

ಗುಮಾಸ್ತನ ಮನೆಯಲ್ಲಿ ಮಗು ಶಾಯಿ ಚೆಲ್ಲಿದರೆ ನೆಲ ಒರಸಿದರಾಯಿತು. ನೇಕಾರನಿಗೆ ಮನೆಯೇ ಕಾರ್ಖಾನೆ. ನಡುಮನೆಯಲ್ಲಿ ಕುಳಿಮಗ್ಗ, ಅದರ ಪಕ್ಕದಲ್ಲಿ ಅಜ್ಜಿಯ ರಾಟೆ, ರಾಟೆಯ ಬಳಿ ಬುಟ್ಟಿ ತುಂಬ ಕಂಡಿಕೆಗಳು, ಇವೆಲ್ಲದರ ನಡುವೆ ಅಂಬೆಗಾಲಿಡುವ ಮಹಾಶಯ. ಮಗ್ಗದ ಮೇಲಿನ ಹಾಸಿನಲ್ಲಿ ಎಳೆಗಳು ಸಾವಿರಾರು. ಸಣ್ಣ ಕೈಯೊಂದು ಅದರೊಳಗೆ ಹೊಕ್ಕು ಒಮ್ಮೆ ಎಳೆದರೆ, ಹರಿದ ಎಳೆಗಳನ್ನು ಹುಡುಕಿ, ಹಣಿಗೆಯೊಳಗೆ ತೂರಿಸಿ, ಒಂದೊಂದಾಗಿ ಹೊಸೆದು ಕೂಡಿಸಬೇಕು. ನೇಕಾರನ ಕೂಲಿ ಸೀರೆಗೆ ಇಷ್ಟೆಂದು. ಹೋದ ಅರ್ಧ ದಿನಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಹತ್ತಿಯ ಹಾಸಿಗೆ ಹಚ್ಚುವ ಗಂಜಿಯ ಪಾತ್ರೆಗೆ ಮಗು ಕೈಯಿಳಿಸಿತೆಂದರೆ ಹಾಸಿಗೆ ಸೇರಬೇಕಾದ ಗಂಜಿ ತಲೆಗೂದಲಿಗೆ ಸೇರುತ್ತದೆ. ಅದು ಒಣಗಿದ ಮೇಲೆ ಕೂದಲು ಮುಳ್ಳುಹಂದಿಯಂತೆ ಸೆಟೆದು ನಿಲ್ಲುತ್ತದೆ. ಈ ತಲೆಯನ್ನು ನೋಡಿ ಸಿಟ್ಟನ್ನು ಉಳಿಸಿಕೊಳ್ಳಬಲ್ಲ ತಂದೆಯನ್ನು ನಾನು ಇದುವರೆಗೆ ಕಂಡಿಲ್ಲ. ಮೊದಲು ಬೈಗುಳ ಬರುತ್ತದೆ, ಬೈಗುಳದ ಮಧ್ಯದಲ್ಲಿಯೇ ಎಲ್ಲಿಯೋ ನಗು ನುಗ್ಗುತ್ತದೆ.

ನನ್ನ ವಾದವಿಷ್ಟು: ಮಗುವಿನ ಗಲೀಜನ್ನು ಕಂಡು ನಗುವುದು ಅನುಕೂಲಸ್ಥರ ವಿನೋದವೆಂದು ಕೆಲವರು ತಿಳಿದಿರುವುದು ಸರಿಯಲ್ಲ. ಆ ನಗುವಿಗೆ ನಿಜವಾದ ಬೆಲೆ ತೆತ್ತವರು ಇಂಥ ಮನೆಗಳವರು. ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದಾಗ ನಗುವ ನಗುವೇ ಬೇರೆ, ಕೆಲಸದವಳು ಬಂದು ಒರಸುತ್ತಾಳೆಂಬ ಧೈರ್ಯದಿಂದ ನಗುವ ನಗುವೇ ಬೇರೆ.

ಹಾಗೆಂದು ಎಲ್ಲದಕ್ಕೂ ನಗಬೇಕೆಂದು ನಾನು ಹೇಳುವುದಿಲ್ಲ. ಸೋಮನೂರು, ಪಲ್ಲಡಂ ಕಡೆ ವಿದ್ಯುತ್ ಮಗ್ಗಗಳಿರುವ ಮನೆಗಳಲ್ಲಿ ಮಗುವಿನ ಬೆರಳು ಎಲ್ಲಿಗೆ ಹೋದೀತೆಂಬ ಭಯ ತಾಯಂದಿರಿಗೆ ಹಗಲೂ ರಾತ್ರಿಯೂ ಉಂಟು. ಅಲ್ಲಿ ನಗುವಿಗಿಂತ ಮೊದಲು ಬಾಗಿಲಿಗೊಂದು ಅಡ್ಡಹಲಗೆ ಬೇಕು. ಹಲಗೆಯಿಂದೀಚೆಗೆ ನಡೆಯುವ ಕಾರುಬಾರಿನ ವಿಷಯ ಮಾತ್ರ ನಾನು ಹೇಳುತ್ತಿರುವುದು.

ಈ ಕಾರುಬಾರಿನಲ್ಲಿ ಭಾಷೆಯ ಗಲೀಜೂ ಸೇರುತ್ತದೆ. ಸಿರುಮುಗೈಯ ಒಂದು ಮನೆಯಲ್ಲಿ ಕಂಡ ಹುಡುಗನ ಮಾತು ಹೇಳುತ್ತೇನೆ. ಮೂರು ವರ್ಷ ತುಂಬಿರಲಾರದು. ಪಕ್ಕದ ತಮಿಳರ ಮನೆಯಲ್ಲಿ ಅವನಿಗೆ ಕೊಡುವುದು ಪಾಲ್, ಸ್ವಂತ ಮನೆಯಲ್ಲಿ ಕೊಡುವುದು ಹಾಲು. ಇವೆರಡೂ ಬೇರೆ ಬೇರೆ ಪೇಯಗಳೆಂಬುದು ಅವನ ದೃಢವಾದ ನಂಬಿಕೆ. ಪಕ್ಕದ ಮನೆಯಾಕೆ ಸಕ್ಕರೆ ಹೆಚ್ಚು ಹಾಕುತ್ತಿದ್ದಳೋ ಕಡಿಮೆ ಹಾಕುತ್ತಿದ್ದಳೋ, ಅಂತೂ ಲೋಟ ಮುಂದಕ್ಕೆ ಬಂದಾಗ ಹಿಂದಕ್ಕೆ ತಳ್ಳಿ, 'ನನಗೆ ಪಾಲು ಬೇಡ, ಹಾಲು ಬೇಕು' ಎಂದು ನೆಲಕ್ಕೆ ಬಿದ್ದು ಹೊರಳಾಡಿದ. 'ಇದ್ದೊಂದು ಮಗ್ಗದಲ್ಲಿ ಪಾಲು ಬೇಡವೆನ್ನುವ ಮೊಮ್ಮಗ ಯಾರಿಗುಂಟು ಹೇಳಿ' ಎಂದು ಅಜ್ಜ ಮಗ್ಗದ ಕುಳಿಯಿಂದಲೇ ಕೂಗಿದರು. ಹೊರಳಾಟದಲ್ಲಿ ಲೋಟ ಉರುಳಿತು. ಕೊನೆಗೆ ಪಾಲೂ ಇಲ್ಲ, ಹಾಲೂ ಇಲ್ಲ.

ಆದರೆ ಅವನ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ಹೊರಗಿನ ಪೂ ಒಳಗೆ ಹೂ, ಹೊರಗಿನ ಪುಲಿ ಒಳಗೆ ಹುಲಿ, ಹೊರಗಿನ ಪಲ್ ಒಳಗೆ ಹಲ್ಲು. ಇದರ ಗುಟ್ಟು ಅವನಿಗೆ ಹೇಗೋ ಹೊಳೆದುಬಿಟ್ಟಿತು. ಅಂದಿನಿಂದ ಪುಸ್ತಕ ಹುಸ್ತಕವಾಯಿತು, ಪೆಟ್ಟಿಗೆ ಹೆಟ್ಟಿಗೆಯಾಯಿತು. ತಮಿಳಿನಲ್ಲಿ ಅಜ್ಜಿಗೆ ಪಾಟ್ಟಿ ಎನ್ನುತ್ತಾರಷ್ಟೆ. ಪಕ್ಕದ ಮನೆಯ ಆ ಹಿರಿಯ ಹೆಂಗಸು 'ಹಾಟ್ಟಿ'ಯಾದಳು. ಪಂಪನ ಕಾಲದ ಪಾಲ್ ನಮ್ಮ ಬಾಯಲ್ಲಿ ಹಾಲಾಗುವುದಕ್ಕೆ ಶತಮಾನಗಳೇ ಬೇಕಾದುವೆಂದು ಭಾಷಾಪಂಡಿತರು ಹೇಳುತ್ತಾರೆ. ಈ ಹುಡುಗ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ, ಹಳಗನ್ನಡದ ವ್ಯಾಕರಣಕಾರರು ಕನಸಿನಲ್ಲಿಯೂ ಕಾಣದ ಕಡೆಗಳಿಗೆಲ್ಲ ಆ ಸೂತ್ರವನ್ನು ಕೊಂಡೊಯ್ದ. ಮನೆಯವರು ತಿದ್ದಿದರೋ? ಇಲ್ಲ. ಎರಡು ದಿನ ಮನೆಮಂದಿಯೆಲ್ಲ ಹುಸ್ತಕ, ಹೆಟ್ಟಿಗೆ ಎಂದೇ ಮಾತಾಡಿದರು. ಹಾಟ್ಟಿಯೂ ಕರೆದರೆ ಓಗೊಟ್ಟಳು.

ನಮ್ಮಲ್ಲಿ ಹೀಗಾಗುವುದಿಲ್ಲವೆ? ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ರಸ್ತೆಯಲ್ಲಿ ಮಲಯಾಳ ಎಂಬ ಸ್ಥಿತಿಯಲ್ಲಿ ಬೆಳೆಯುವ ನಮ್ಮ ಕೂಸುಗಳು ಮೂರನ್ನೂ ಕಲಸಿ ಉಣ್ಣುತ್ತವೆ. ಅದನ್ನು ಕೇಳಿ ಹಣೆ ಚಚ್ಚಿಕೊಳ್ಳುವ ಕನ್ನಡಾಭಿಮಾನಿಗಳನ್ನೂ ನಾನು ಬಲ್ಲೆ. ಅವರ ಕಾಳಜಿ ದೊಡ್ಡದು, ಸಂದೇಹವಿಲ್ಲ. ಆದರೆ ದೇವಾಂಗರ ಮನೆಯ ಕನ್ನಡಕ್ಕೆ ಶಾಲೆಯ ಆಸರೆಯಿಲ್ಲ, ಪತ್ರಿಕೆಯ ಆಸರೆಯಿಲ್ಲ, ಲಿಪಿಯ ಆಸರೆಯೂ ಇಲ್ಲ. ಆದರೂ ತಲೆಮಾರುಗಳಿಂದ ಬಾಳಿ ಬಂದಿದೆ. ಅದನ್ನು ಹಿಡಿದಿಟ್ಟ ಕೈಗಳಲ್ಲಿ ಮಗುವನ್ನು ಬೈಯುವ, ರಮಿಸುವ, ಮಗುವಿನ ತೊದಲನ್ನು ಅಣಕಿಸಿ ನಗುವ ಅಜ್ಜಿಯ ಕೈಯೇ ದೊಡ್ಡದೆಂದು ನನಗೆ ತೋರುತ್ತದೆ. ಮಗ್ಗದ ಲೆಕ್ಕ ತಮಿಳಿಗೆ ಹೋಗಬಹುದು, ದೇವರ ಮುಂದಿನ ಪ್ರಾರ್ಥನೆಯೂ ಹೋಗಬಹುದು. 'ಅಯ್ಯೋ, ಏನು ಮಾಡಿಟ್ಟೆಯೋ' ಎಂಬುದು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಸುತ್ತಲಿನ ತಮಿಳರಿಗೂ ಈ ರಸ ಹೊಸದಲ್ಲ. ಪುರನಾನೂರು ಎಂಬ ಪ್ರಾಚೀನ ಸಂಕಲನದಲ್ಲಿ ತುಪ್ಪದನ್ನದ ಮುಂದೆ ಕುಳಿತ ಮಗುವಿನ ಪರಾಕ್ರಮವನ್ನು ಕುರಿತ ಪದ್ಯವೊಂದುಂಟು. ಬರೆದವನು ಪಾಂಡ್ಯ ವಂಶದ ಅರಸ, ಅರಿವುಡೈ ನಂಬಿ. ಅರಸನಾಗಿ ಎಷ್ಟು ಯುದ್ಧ ಕಂಡನೋ ತಿಳಿಯದು. ಅನ್ನದ ತಟ್ಟೆಯಲ್ಲಿ ನಡೆಯುವ ಯುದ್ಧವನ್ನಂತೂ ಕಣ್ಣಾರೆ ಕಂಡಿದ್ದ. ಮುಂದೆ ಪಿಳ್ಳೈತ್ತಮಿಳ್ ಎಂಬ ಕಾವ್ಯಪ್ರಕಾರವೇ ಹುಟ್ಟಿತು. ದೇವರನ್ನೋ ದೊರೆಯನ್ನೋ ಕೂಸೆಂದು ಭಾವಿಸಿ ಹತ್ತು ಘಟ್ಟಗಳಲ್ಲಿ ಹಾಡುವುದು ಅದರ ಕ್ರಮ. ಗಂಡುಕೂಸಿನ ಹಾಡಾದರೆ, ಹುಡುಗಿಯರು ಕಟ್ಟಿದ ಮರಳಿನ ಮನೆಗಳನ್ನು ಒದೆದು ಕೆಡವಬೇಡವೆಂದು ಬೇಡಿಕೊಳ್ಳುವುದಕ್ಕೇ ಒಂದು ಘಟ್ಟ ಮೀಸಲು. ದೇವರಿಗೂ ಕಾಲು ಸುಮ್ಮನಿರುವುದಿಲ್ಲವೆಂದು ಕಾವ್ಯಲಕ್ಷಣವೇ ಒಪ್ಪಿಕೊಂಡ ಮೇಲೆ ನಮ್ಮ ನಿಮ್ಮ ಮಕ್ಕಳ ಮಾತೇನು?

ಇನ್ನು ತಿರುಪ್ಪೂರು. 2009ರಲ್ಲಿ ಕೊಯಮುತ್ತೂರು, ಈರೋಡು ಜಿಲ್ಲೆಗಳ ಭಾಗಗಳನ್ನು ಬೇರ್ಪಡಿಸಿ ತಿರುಪ್ಪೂರು ಜಿಲ್ಲೆ ಮಾಡಿದರು. ಬನಿಯನ್ನಿನ ಊರೆಂದು ನಮ್ಮ ಅಂಗಡಿಕಾರರಿಗೆಲ್ಲ ಗೊತ್ತು. ಅಲ್ಲಿ ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ, ದೂರದೂರದ ಊರುಗಳ ಗ್ಯಾರೇಜುಗಳಲ್ಲಿ ಎಣ್ಣೆ ಒರಸುವ ಬಟ್ಟೆಯಾಗುತ್ತವೆ. ಗ್ಯಾರೇಜಿಗೆ ಹೊರಡುವ ಮುಂಚೆ ಆ ತುಂಡುಗಳ ರಾಶಿ ಸಣ್ಣವರ ಸಾಮ್ರಾಜ್ಯ. ಒಂದು ತೋಳಿನ ತುಂಡು ತಲೆಗೇರಿದರೆ ಕಿರೀಟ, ಸೊಂಟಕ್ಕೆ ಸಿಕ್ಕಿಸಿದರೆ ಬಾಲ. ಕಿರೀಟವನ್ನೂ ಬಾಲವನ್ನೂ ಒಟ್ಟಿಗೆ ಧರಿಸಿದ ಚಕ್ರವರ್ತಿಗಳನ್ನು ಅಲ್ಲಿನ ಓಣಿಗಳಲ್ಲಿ ಎಷ್ಟು ಬೇಕಾದರೂ ಕಾಣಬಹುದು.

ಇನ್ನೊಂದು ಕುಶಾಲಿನ ಸಂಗತಿ. ದೇಶದೇಶಗಳ ಕೂಸುಗಳಿಗೆ ಬೆಳ್ಳನೆಯ ಮೆತ್ತನೆಯ ಅಂಗಿಗಳು ಈ ಊರಿನಿಂದ ಹೋಗುತ್ತವೆ. ಕಲೆಯೊಂದು ಕಣ್ಣಿಗೆ ಬಿದ್ದರೆ ತಪಾಸಣೆಯವರು ಅಂಗಿಯನ್ನು ಪಕ್ಕಕ್ಕೆಸೆಯುತ್ತಾರೆ. ಇಷ್ಟು ಜಾಗ್ರತೆಯಿಂದ ಹಡಗು ಹತ್ತಿ ಹೋದ ಅಂಗಿಗೆ ಆಚೆ ದಡದಲ್ಲಿ ಏನು ಕಾದಿರುತ್ತದೆ? ಮೊದಲ ತುತ್ತಿಗೇ ಹಿಸುಕಿದ ಹಣ್ಣಿನ ಅಭಿಷೇಕ. ಲೋಕದ ಮಕ್ಕಳೆಲ್ಲ ಒಮ್ಮೆಗೇ ಅಚ್ಚುಕಟ್ಟಾಗಿ ಉಣ್ಣಲು ಕಲಿತರೆ ತಿರುಪ್ಪೂರಿನ ಎಷ್ಟೋ ಹೊಲಿಗೆ ಯಂತ್ರಗಳು ನಿಂತುಹೋದಾವು!

ಕಲೆಯ ಮಾತು ಬಂದಾಗ ದೊಡ್ಡವರ ಕಲೆಯನ್ನೂ ನೆನೆಯಬೇಕಾಗುತ್ತದೆ. ಇದೇ ತಿರುಪ್ಪೂರಿನಲ್ಲಿ ಹರಿಯುವ ನೊಯ್ಯಲ್ ನದಿಗೆ ಬಣ್ಣದ ಕಾರ್ಖಾನೆಗಳ ಕೊಳಚೆ ವರ್ಷಗಟ್ಟಲೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಆ ಕೊಳಚೆಯೇ ತುಂಬಿ ನಿಂತು ರೈತರ ಹೊಲ ಕೆಟ್ಟಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಬಣ್ಣದ ಘಟಕಗಳನ್ನು ಮುಚ್ಚಿಸುವಂತೆ ಆಜ್ಞೆ ಮಾಡಬೇಕಾಯಿತು. ಗೋಡೆಗೆ ಬಣ್ಣ ಬಳಿದನೆಂದು ಮಗನ ಕಿವಿ ಹಿಂಡಿದ ಅಪ್ಪಂದಿರಲ್ಲಿ ಆ ಘಟಕಗಳ ಮಾಲಿಕರೂ ಕೆಲವರು ಇದ್ದಿರಬಹುದು. ಮಗು ಬಳಿದ ಗೋಡೆಗೆ ಒಂದು ಕೈ ಸುಣ್ಣ ಸಾಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಕೊಯಮುತ್ತೂರೇ ಇರಲಿ ಕಾಸರಗೋಡೇ ಇರಲಿ, ಎರಡೂವರೆ ವರ್ಷಕ್ಕೇ ಮಗುವಿಗೆ ಬೂಟು, ಕಾಲುಚೀಲ, ಕುತ್ತಿಗೆಪಟ್ಟಿ ತೊಡಿಸಿ ಇಂಗ್ಲಿಷ್ ನರ್ಸರಿಗೆ ಕಳುಹಿಸುವುದು ಮರ್ಯಾದೆಯ ಲಕ್ಷಣವಾಗಿದೆ. ಉಡುಪಿಗೆ ಮಣ್ಣಾದರೆ ಮನೆಗೆ ಚೀಟಿ ಬರುತ್ತದೆ. ಮಗು ಮಣ್ಣಿಗಿಳಿಯದೆ ಕುಳಿತುಕೊಳ್ಳುತ್ತದೆ, ಕೂತ ಮಗುವಿನ ಕೈಗೆ ಮೊಬೈಲು ಕೊಡುತ್ತಾರೆ, ಮನೆ ಚೊಕ್ಕಟವಾಗಿರುತ್ತದೆ. ನೇಕಾರನ ಮಗನೂ ಮಗ್ಗ ಬಿಟ್ಟು ತಿರುಪ್ಪೂರಿನ ಕಂಪೆನಿ ಸೇರಿದ್ದಾನೆ, ಅದು ಅವನ ಹೊಟ್ಟೆಯ ಪ್ರಶ್ನೆ, ಆಕ್ಷೇಪಿಸಲು ನಾನಾರು? ಆದರೆ ಅವನ ಬಾಡಿಗೆಕೋಣೆಯಲ್ಲಿ ಅಜ್ಜಿಯಿಲ್ಲ, ರಾಟೆಯಿಲ್ಲ, ಕೂಸು 'ಹುಸ್ತಕ'ವೆಂದರೆ ನಗುವುದಕ್ಕೆ ಆ ಹೊತ್ತಿನಲ್ಲಿ ಮನೆಯಲ್ಲಿ ಜನವೇ ಇಲ್ಲ. ಎರಡು ಪಾಳಿ ದುಡಿದು ಬಂದವನಿಗೆ ಚೆಲ್ಲಿದ ಅನ್ನ ಒಂದು ಹೆಚ್ಚಿನ ಕೆಲಸವಾಗಿ ಮಾತ್ರ ಕಾಣುತ್ತದೆ. ಮಗುವಿನ ತುಂಟತನ ಕಡಿಮೆಯಾಗಿಲ್ಲ. ನೋಡಿ ನಗುವವರ ಬಿಡುವು ಕಡಿಮೆಯಾಗಿದೆ. ನಗು ಬಂದರೂ ಮೊದಲು ಫೋನು ಹುಡುಕಿ ಚಿತ್ರ ತೆಗೆಯುವ ಅವಸರ. ಚಿತ್ರ ತೆಗೆಯುವಷ್ಟರಲ್ಲಿ ಕೂಸು ಇನ್ನೊಂದು ಪಾತ್ರೆಗೆ ಕೈಹಾಕಿರುತ್ತದೆ, ಅದನ್ನು ನೋಡಿದವರು ಯಾರೂ ಇರುವುದಿಲ್ಲ.

ಆ ಎರಡು ಜಿಲ್ಲೆಗಳಲ್ಲಿ ಗಲೀಜಿಗೆ ಇಂದಿಗೂ ಸರಕಾರಿ ಮಾನ್ಯತೆಯಿರುವ ಸ್ಥಳವೆಂದರೆ ಅಂಗನವಾಡಿ. ಎಂ.ಜಿ. ರಾಮಚಂದ್ರನ್ ಅವರು ಮುಖ್ಯಮಂತ್ರಿಯಾಗಿದ್ದಾಗ 1982ರ ಜುಲೈ 1ರಂದು ಆರಂಭಿಸಿದ ಪೌಷ್ಟಿಕ ಊಟದ ಯೋಜನೆಯಲ್ಲಿ ಎರಡು ವರ್ಷದ ಮಕ್ಕಳನ್ನೂ ಸೇರಿಸಿದರು. 1989ರಲ್ಲಿ ಕರುಣಾನಿಧಿಯವರ ಸರಕಾರ ಅದಕ್ಕೆ ಮೊಟ್ಟೆ ಕೂಡಿಸಿತು. ಬೇಯಿಸಿದ ಮೊಟ್ಟೆಯನ್ನು ಇಪ್ಪತ್ತು ಪುಟ್ಟ ಕೈಗಳಿಗೆ ಕೊಟ್ಟು ನೋಡಬೇಕು. ಒಂದು ಉರುಳುತ್ತದೆ, ಅದರ ಹಿಂದೆ ಮೂರು ಮಂದಿ ಉರುಳುತ್ತಾರೆ. ಒಬ್ಬಳು ಬಿಳಿಯನ್ನು ತಿಂದು ಹಳದಿಯನ್ನು ಪಕ್ಕದವನ ಹಣೆಗೆ ಬೊಟ್ಟಿಡುತ್ತಾಳೆ, ಅವನು ಗಂಭೀರವಾಗಿ ಇಡಿಸಿಕೊಳ್ಳುತ್ತಾನೆ. ಸಾಂಬಾರಿನ ಅನ್ನ ಬಾಯಿಗೆ ಎಷ್ಟೋ ನೆಲಕ್ಕೂ ಅಷ್ಟೇ. ಬಡಿಸುವ ಆಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾ ಎರಡನೆಯ ಸಲ ಬಡಿಸುತ್ತಾಳೆ. ಊಟ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಎರಡು ಕಾಗೆ, ಒಂದು ಕೋಳಿ, ಬೀದಿನಾಯಿಯೊಂದು ಸರದಿಯಲ್ಲಿ ಕಾದಿರುತ್ತವೆ. ಹಾಜರಿ ಪುಸ್ತಕದಲ್ಲಿ ಅವುಗಳ ಹೆಸರಿಲ್ಲವಾದರೂ ಗೈರುಹಾಜರಿ ಮಾತ್ರ ಎಂದಿಗೂ ಇಲ್ಲ.